ಕಥೆ ಹೇಳಬೇಡಿ, ಸ್ವಾರಸ್ಯ ಹೇಳಿ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಡಿಗ್ರಿ ಓದುತ್ತಿರುವ ಮಕ್ಕಳಿಗೆ. ಇಂಗ್ಲಿಷ್ ಮೇಷ್ಟ್ರು ಒಂದು ಪದ್ಯ ಕೊಟ್ಟು, ಇದರ ಮೇಲೆ ವಿಮರ್ಶೆಯ ಪ್ರಬಂಧ ಬರೆದು ತನ್ನಿ ಎಂದರೆ ನಮ್ಮ ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಮೊದಲು ಹುಡುಕುವುದು ಗೈಡು. ಗೈಡಿನಲ್ಲಿ ಸಿಗುವುದು ಸಾರಾಂಶ. ಅದನ್ನೇ ನಾಲ್ಕು ಪುಟಕ್ಕೆ ಹಿಗ್ಗಿಸಿ ಕೊಟ್ಟುಬಿಡುತ್ತಾರೆ.

ಹಾಗಂತ ಈ ಕೆಲಸ ಅವರಿಗೆ ಹೊಸದೇನಲ್ಲ. ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ ಎಂಬ ಪ್ರಶ್ನೆ ಬರುತ್ತಿತ್ತಲ್ಲ? ಆಯ್ಕೆ, ಸಂದರ್ಭ, ಸ್ವಾರಸ್ಯ. ಮೊದಲೆರಡು ಬಾಯಿಪಾಠದಲ್ಲೇ ಮುಗಿಯುತ್ತಿದ್ದವು. ಮೂರನೆಯದಕ್ಕೆ ‘ಈ ಮಾತು ಬಹಳ ಸ್ವಾರಸ್ಯಕರವಾಗಿ ಮೂಡಿಬಂದಿದೆ’ ಎಂದು ಗೀಚಿ ಮುಂದಿನ ಪ್ರಶ್ನೆಗೆ ಹಾರುವುದು ವಾಡಿಕೆ. ಇಂಗ್ಲಿಷ್ ಮೇಷ್ಟ್ರು ಈಗ ಕೇಳುತ್ತಿರುವುದು ಹಾರಿಬಂದ ಆ ಮೂರನೆಯ ಭಾಗವನ್ನೇ.

ಒಂದು ಪದ್ಯ ಹಿಡಿದೇ ನೋಡೋಣ. ಶೆಲ್ಲಿಯ ‘ಓಝಿಮಾಂಡಿಯಸ್’, 1818ರಲ್ಲಿ ಅಚ್ಚಾದ 14 ಸಾಲಿನ ಸಾನೆಟ್. ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್‌ಗೆ ಗ್ರೀಕರಲ್ಲಿದ್ದ ಹೆಸರು ಅದು. ಮರುಭೂಮಿಯಲ್ಲಿ ಮುಂಡವಿಲ್ಲದ ಎರಡು ಕಲ್ಲಿನ ಕಾಲು, ಪಕ್ಕದಲ್ಲಿ ಅರ್ಧ ಹೂತ ಒಡಕು ಮುಖ, ಪೀಠದ ಮೇಲೆ ‘ಬಲಾಢ್ಯರೇ, ನನ್ನ ಕೆಲಸ ನೋಡಿ ಎದೆಗುಂದಿರಿ’ ಎಂಬ ಬರಹ. ಇದನ್ನು ಓದಿದವರೆಲ್ಲ ಬರೆಯುವುದು ಒಂದೇ: ಅಧಿಕಾರ ಶಾಶ್ವತವಲ್ಲ. ತಪ್ಪೇನಿಲ್ಲ. ಆದರೆ ಅದನ್ನು ಅಲ್ಲಗಳೆಯುವವರು ಯಾರು? ಯಾರೂ ಅಲ್ಲಗಳೆಯದ ಮಾತಿಗೆ ಪುರಾವೆ ಬೇಡ. ಪುರಾವೆ ಬೇಡವೆಂದರೆ ಪ್ರಬಂಧವೂ ಬೇಡ.

ದುರ್ಗದ ಹುಡುಗಿಯೊಬ್ಬಳಿಗೆ ಇಲ್ಲಿ ಬೇರೆಯೇ ಒಂದು ಪ್ರಶ್ನೆ ಹುಟ್ಟಬಹುದು. ಏಳುಸುತ್ತಿನ ಕೋಟೆ ಯಾರ ಕೈಸೇರಿತು ಎಂದರೆ ಈ ಊರಿನ ಚಿಕ್ಕ ಮಕ್ಕಳೂ ಹೇಳುತ್ತಾರೆ: ಮದಕರಿನಾಯಕ, ಹೈದರಾಲಿ, 1779. ಒನಕೆ ಹಿಡಿದ ಓಬವ್ವನ ಕಥೆಯನ್ನೂ ಸೇರಿಸುತ್ತಾರೆ. ಸೋಲಿಗೆ ಶತ್ರುವಿದ್ದಾನೆ, ಇಸವಿಯಿದೆ. ಶೆಲ್ಲಿಯ ಪದ್ಯದಲ್ಲಿ ಶತ್ರು ಎಲ್ಲಿ? ಯುದ್ಧ ಎಲ್ಲಿ? ಇರುವುದು ಬರೀ ಮರಳು. ಸೋಲಿಸಿದವನ ಹೆಸರು ಬಂದಿದ್ದರೆ ಇದು ಇನ್ನೊಬ್ಬ ದೊರೆಯ ಗೆಲುವಿನ ಪದ್ಯವಾಗುತ್ತಿತ್ತು, ಅದಕ್ಕೇ ಕವಿ ಯಾರ ಹೆಸರನ್ನೂ ಹೇಳಲಿಲ್ಲ ಎಂದು ಅವಳು ಬರೆದರೆ ಅದು ವಾದ. ಒಪ್ಪದವರೂ ಇರುತ್ತಾರೆ. ಆಗ ಸಾಲುಗಳಿಗೆ ಹೋಗಬೇಕಾಗುತ್ತದೆ. ದೊರೆಯ ಜಂಬ ಮುಗಿಯುವುದು 11ನೇ ಸಾಲಿನಲ್ಲಿ. 12ನೇ ಸಾಲು ಮೂರೇ ಪದದಿಂದ ಶುರು: ‘ನಥಿಂಗ್ ಬಿಸೈಡ್ ರಿಮೇನ್ಸ್’. ನಡುವೆ ಕಾರಣವೇ ಇಲ್ಲ. ಇನ್ನೂ ಒಂದಿದೆ. ಕವಿಯೇ ಇದನ್ನೆಲ್ಲ ಕಂಡವನಲ್ಲ, ಯಾರೋ ಪ್ರವಾಸಿ ಹೇಳಿದ್ದು. ದೊರೆಯ ಅಪ್ಪಣೆ ಬಾಯಿಂದ ಬಾಯಿಗೆ ದಾಟಿ ನಮಗೆ ಸುದ್ದಿಯಾಗಿ ತಲುಪುತ್ತದೆ. ಕೋಟೆ ಪ್ರಶ್ನೆ ಕೊಟ್ಟಿತು, ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಉತ್ತರ ಪದ್ಯದೊಳಗಿಂದಲೇ ಬರಬೇಕು. ಓಬವ್ವನ ಬಗ್ಗೆ ಎರಡು ಪುಟ ಬರೆದರೆ ಮೇಷ್ಟ್ರು ಹೊಡೆದುಹಾಕುತ್ತಾರೆ, ಸರಿಯಾಗಿಯೇ.

ಸಾಲನ್ನು ಎತ್ತಿ ಬರೆದು, ಅದರ ಬಗ್ಗೆ ಏನೂ ಹೇಳದೆ ಮುಂದಕ್ಕೆ ಹೋಗುವುದು ಊಟಕ್ಕೆ ಕರೆದು ಎಲೆ ಹಾಕಿ ಬಡಿಸದೆ ಹೋದಂತೆ. ನಾಲ್ಕು ಸಾಲು ಎತ್ತುವ ಬದಲು ನಾಲ್ಕು ಪದ ಎತ್ತಿ, ಅವು ಅಲ್ಲೇ ಯಾಕೆ ಕೂತಿವೆ ಎಂದು ಹೇಳಿ.

ಇನ್ನು ತಿದ್ದುವುದು. ಹೆಚ್ಚಿನವರು ಸ್ಪೆಲಿಂಗ್ ನೋಡಿ, ಗ್ರಾಮರ್ ಸರಿಮಾಡಿ, ತಿದ್ದಿದ್ದಾಯಿತು ಅನ್ನುತ್ತಾರೆ. ಅದು ಕೊನೆಯ ಕೆಲಸ. ನಾಳೆ ಹೊಡೆದುಹಾಕಬೇಕಾದ ವಾಕ್ಯಕ್ಕೆ ಇವತ್ತು ಕಾಮಾ ಹುಡುಕುವುದು ದಂಡ. ಮೊದಲ ಕರಡನ್ನು ಒಂದು ರಾತ್ರಿ ಪಕ್ಕಕ್ಕಿಡಿ. ಬೆಳಿಗ್ಗೆ ಕೊನೆಯ ಪ್ಯಾರಾದಿಂದ ಓದಿ. ಬರೆಯುತ್ತ ಬರೆಯುತ್ತಲೇ ನಮಗೆ ಹೊಳೆಯುವುದರಿಂದ, ನಿಮ್ಮ ನಿಜವಾದ ಮಾತು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದನ್ನು ಮೇಲಕ್ಕೆ ತನ್ನಿ. ಮೇಲಿದ್ದ ‘ಶೆಲ್ಲಿ 1792ರಲ್ಲಿ ಹುಟ್ಟಿದ ಮಹಾನ್ ಕವಿ’ ಎಂಬ ಪ್ಯಾರಾ ಹೊಟ್ಟೆ ಉರಿದರೂ ಹೊಡೆದುಹಾಕಿ. ಆಮೇಲೆ ಪೆನ್ಸಿಲ್ ಹಿಡಿದು, ಪದ್ಯದ ಕಥೆಯನ್ನಷ್ಟೇ ಹೇಳುವ ವಾಕ್ಯಗಳ ಕೆಳಗೆ ಗೆರೆ ಎಳೆಯಿರಿ. ಪ್ಯಾರಾ ತುಂಬಾ ಗೆರೆಯೇ ಇದ್ದರೆ ಆ ಪ್ಯಾರಾದಲ್ಲಿ ನೀವಿಲ್ಲ.

ಇಂಗ್ಲಿಷಿನಲ್ಲಿ ತೋಚದಿದ್ದರೆ ವಾದವನ್ನು ಮೊದಲು ಕನ್ನಡದಲ್ಲೇ ಪಕ್ಕದವರಿಗೆ ಹೇಳಿ ನೋಡಿ. ‘ಹೌದಾ, ಎಲ್ಲಿದೆ ತೋರಿಸು’ ಎಂದು ಅವರು ಕೇಳಿದರೆ ದಾರಿ ಸರಿಯಿದೆ. ‘ಹೂಂ’ ಎಂದು ಸುಮ್ಮನಾದರೆ ಇನ್ನೂ ಸಾರಾಂಶದಲ್ಲೇ ಇದ್ದೀರಿ.

ಸ್ಪೆಲಿಂಗ್, ಕಾಮಾಗಳ ಸರದಿ ಇದೆಲ್ಲ ಮುಗಿದ ಮೇಲೆ. ಪದ್ಯದಲ್ಲಿ ಏನಾಗುತ್ತದೆಂದು ಹೇಳುವಾಗ ಇಂಗ್ಲಿಷಿನಲ್ಲಿ ವರ್ತಮಾನಕಾಲ ಬಳಸುವುದು ರೂಢಿ, ಅದನ್ನೊಮ್ಮೆ ಪರೀಕ್ಷಿಸಿ. ದೊರೆಯ ಹೆಸರಿನ ಸ್ಪೆಲಿಂಗನ್ನಂತೂ ಪುಸ್ತಕ ನೋಡಿಕೊಂಡೇ ಬರೆಯಿರಿ. ನಮಸ್ಕಾರ.