ಕಂಪ್ರೆಶನ್ ಏರಿಸಿದ ಎಂಜಿನ್ನಿಗೆ ಯಾವ ಪ್ಲಗ್?

ಕೇಳುಗರಿಗೆ ನಮಸ್ಕಾರ.

ಹೆಡ್ ಫೇಸಿಂಗ್ ಮಾಡಿಸಿ, ಅಂದರೆ ಸಿಲಿಂಡರಿನ ಮುಚ್ಚಳದ ಅಡಿಯನ್ನು ತೇಯಿಸಿ, ತಲೆಯುಬ್ಬಿದ ಪಿಸ್ಟನ್ ಕೂರಿಸಿ, ಕಂಪ್ರೆಶನ್ ಅನುಪಾತವನ್ನು (ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಎಂಬ ಲೆಕ್ಕವನ್ನು) ಒಂಬತ್ತರಿಂದ ಹದಿಮೂರಕ್ಕೆ ಏರಿಸಿದ ಮೇಲೂ ಕಂಪನಿ ಕೊಟ್ಟ ಸ್ಪಾರ್ಕ್ ಪ್ಲಗ್ಗನ್ನೇ ಉಳಿಸಿಕೊಂಡರೆ ಆ ಎಂಜಿನ್ ಬಹಳ ದಿನ ಬಾಳುವುದಿಲ್ಲ. ನಮ್ಮ ಹಾಸನ, ಚಿಕ್ಕಮಗಳೂರಿನ ಗ್ಯಾರೇಜುಗಳಲ್ಲಿ ನೇರ ಟ್ರ್ಯಾಕಿನ ಡ್ರ್ಯಾಗ್ ರೇಸಿಗೆ ಗಾಡಿ ತಯಾರು ಮಾಡುವ ಹುಡುಗರಿಗಾಗಿ ಈ ಮಾತು.

ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ಸಿಗಿಂತ ತಣ್ಣಗಿದ್ದರೆ ಅದರ ಮೇಲೆ ಕೂತ ಮಸಿ ಸುಟ್ಟುಹೋಗುವುದಿಲ್ಲ. ಕರೆಂಟು ಆ ಮಸಿಯ ಮೇಲೇ ಹರಿದು ಕಿಡಿ ಸಾಯುತ್ತದೆ. 850 ಡಿಗ್ರಿ ದಾಟಿತೋ, ತುದಿ ಕೆಂಡವಾಗಿ, ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಒಳಗೆ ಬೆಂಕಿ. ಪಿಸ್ಟನ್ನಿಗೆ ತೂತು ಬೀಳಲು ಕೆಲವೇ ಸೆಕೆಂಡು ಸಾಕು. ಕಂಪ್ರೆಶನ್ ಏರಿದಂತೆ ಶಾಖ ಏರುತ್ತದೆ, ಆದ್ದರಿಂದ ಶಾಖವನ್ನು ಬೇಗ ಹೆಡ್ಡಿಗೆ ದಾಟಿಸುವ ಕೋಲ್ಡ್ ಪ್ಲಗ್ ಬೇಕು.

ಎನ್‌ಜಿಕೆ ಕಂಪನಿಯ ಪ್ಲಗ್ಗಿನ ಮೇಲೆ ಬಿಪಿಆರ್7ಇಎಸ್ ಎಂದಿದೆ ಎನ್ನಿ. ಬಿ ಅಂದರೆ 14 ಮಿಲಿಮೀಟರ್ ಥ್ರೆಡ್, ಪಿ ಅಂದರೆ ಮುಂಚಾಚಿದ ಮೂಗು, ಆರ್ ಅಂದರೆ ರೆಸಿಸ್ಟರ್, ಇ ಅಂದರೆ 19 ಮಿಲಿಮೀಟರ್ ಥ್ರೆಡ್ ಉದ್ದ. ನಡುವಿನ 7 ಶಾಖದ ನಂಬರು. ಎನ್‌ಜಿಕೆಯಲ್ಲಿ ನಂಬರು ಹೆಚ್ಚಾದಷ್ಟೂ ಪ್ಲಗ್ ಕೋಲ್ಡ್. ಬಾಷ್, ಚಾಂಪಿಯನ್‌ಗಳಲ್ಲಿ ಇದು ತಿರುಗುಮುರುಗು. ಅಂಗಡಿಯಲ್ಲಿ ಬರೀ ‘ಒಂದು ನಂಬರ್ ಜಾಸ್ತಿ ಕೊಡಿ’ ಎಂದು ಕೇಳಿದರೆ ತಪ್ಪು ಪ್ಲಗ್ ಕೈಗೆ ಬರುವುದು ಹೀಗೆ. ಏಳಿದ್ದ ಕಡೆ ಎಂಟು ಹಾಕಿ, ಹದಿಮೂರರ ಅನುಪಾತಕ್ಕೆ ಒಂಬತ್ತನ್ನೂ ಜೊತೆಗಿಟ್ಟುಕೊಳ್ಳಿ. ಒಂಬತ್ತು ಐಡ್ಲಿಂಗಿನಲ್ಲಿ ಮಸಿ ಹಿಡಿಯುತ್ತದೆ, ಹಾಗಾಗಿ ಎಂಜಿನ್ ಬಿಸಿ ಮಾಡಲು ಏಳು, ಓಟಕ್ಕೆ ಒಂಬತ್ತು ಎಂದು ಬದಲಿಸುವವರಿದ್ದಾರೆ. ಅದು ಒಳ್ಳೆಯ ರೂಢಿ.

ಒಂದು ತಪ್ಪು ನಂಬಿಕೆಯನ್ನು ಇಲ್ಲೇ ಬಿಡಿಸಬೇಕು. ಕೋಲ್ಡ್ ಪ್ಲಗ್ ಪವರ್ ಕೊಡುವುದಿಲ್ಲ, ನಾಕಿಂಗಿಗೆ ಅದು ಮದ್ದೂ ಅಲ್ಲ. ಕಿಡಿ ಹಾರಿದ ಮೇಲೆ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಸಿಡಿಯುವುದೇ ನಾಕಿಂಗ್. ಅದಕ್ಕೆ ಹೆಚ್ಚು ಆಕ್ಟೇನ್ ಪೆಟ್ರೋಲ್, ಅಂದರೆ ಸುಲಭಕ್ಕೆ ತಾನಾಗಿ ಸಿಡಿಯದ ಪೆಟ್ರೋಲ್ ಬೇಕು, ಟೈಮಿಂಗ್ ಹಿಂದಕ್ಕೆ ತರಬೇಕು, ಅಂದರೆ ಕಿಡಿ ತುಸು ತಡವಾಗಿ ಹಾರಬೇಕು.

ಇನ್ನು ಗ್ಯಾಪ್, ಅಂದರೆ ನಡುವಿನ ಎಲೆಕ್ಟ್ರೋಡಿಗೂ ಹೊರಗಿನ ಪಟ್ಟಿಗೂ ನಡುವೆ ಕಿಡಿ ಹಾರುವ ಸಂದು. ಒತ್ತಡ ಹೆಚ್ಚಾದಷ್ಟೂ ಅದೇ ಗ್ಯಾಪನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಕಾಯಿಲ್ ಅಷ್ಟು ಕೊಡದಿದ್ದರೆ ಫುಲ್ ಥ್ರಾಟಲ್‌ನಲ್ಲಿ ಮಿಸ್ಸಿಂಗ್ ಶುರು. ಆದ್ದರಿಂದ 0.8 ಮಿಲಿಮೀಟರ್ ಇದ್ದುದನ್ನು 0.7ಕ್ಕೆ, ಆಗಲೂ ಮಿಸ್ ಆದರೆ 0.6ಕ್ಕೆ ಇಳಿಸಿ. ಹೊರಗಿನ ಪಟ್ಟಿಯನ್ನು ಮಾತ್ರ ಬಾಗಿಸಿ, ನಡುವಿನ ಎಲೆಕ್ಟ್ರೋಡಿಗೆ ಗೇಜ್ ಒತ್ತಬೇಡಿ. ಇರಿಡಿಯಂ ಪ್ಲಗ್ಗಿನ ತುದಿ ಅರ್ಧ ಮಿಲಿಮೀಟರಿನಷ್ಟೇ ದಪ್ಪ, ಮುರಿದೇ ಹೋಗುತ್ತದೆ. ಪದೇ ಪದೇ ಬದಲಿಸಿ, ಬಣ್ಣ ಓದಬೇಕಾದ ಈ ಕೆಲಸಕ್ಕೆ ಅಗ್ಗದ ನಿಕ್ಕಲ್ ಪ್ಲಗ್ಗೇ ಮೇಲು.

ಪಿಸ್ಟನ್ ತಲೆ ಉಬ್ಬಿದ್ದರೆ ಪ್ಲಗ್ಗಿನ ಮೂಗಿಗೆ ತಾಕೀತು. ಮಕ್ಕಳಾಡುವ ಬಣ್ಣದ ಕ್ಲೇಯನ್ನು ಪ್ಲಗ್ಗಿನ ಕೆಳಗೆ ಬರುವ ಜಾಗದಲ್ಲಿ ಪಿಸ್ಟನ್ ಮೇಲೆ ಅಂಟಿಸಿ, ಹೆಡ್ಡನ್ನು ಗ್ಯಾಸ್ಕೆಟ್, ಪ್ಲಗ್ ಸಮೇತ ಬಿಗಿದು, ಕೈಯಿಂದ ಎರಡು ಸುತ್ತು ತಿರುಗಿಸಿ. ಹೆಡ್ ಬಿಚ್ಚಿ ಕ್ಲೇಯನ್ನು ಬ್ಲೇಡಿನಲ್ಲಿ ಕೊಯ್ದು, ತೀರಾ ತೆಳ್ಳಗಾದ ಕಡೆ ಅಳೆಯಿರಿ. ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಇದ್ದರೆ ‘ಪಿ’ ಇಲ್ಲದ, ಮೂಗು ಚಾಚದ ಪ್ಲಗ್ ತನ್ನಿ. ಥ್ರೆಡ್ಡೂ ಒಳಗೆ ಇಣುಕಬಾರದು, ಇಣುಕಿದ ಸುತ್ತು ಕೆಂಪಗೆ ಕಾಯುತ್ತದೆ.

ಎಸ್ಟೇಟ್ ರಸ್ತೆಯ ಕೆಮ್ಮಣ್ಣು ಪ್ಲಗ್ ಗುಳಿಯಲ್ಲಿ ಕೂತಿರುತ್ತದೆ. ಹಳೆಯ ಪ್ಲಗ್ ಬಿಚ್ಚುವ ಮೊದಲು ಗಾಳಿ ಹೊಡೆದು ತೆಗೆಯಿರಿ, ಇಲ್ಲವಾದರೆ ಅದು ನೇರ ಸಿಲಿಂಡರಿಗೆ. ಎಂಜಿನ್ ತಣ್ಣಗಿರಲಿ. ಹೊಸದನ್ನು ಸ್ಪ್ಯಾನರ್ ಇಲ್ಲದೆ ಬೆರಳಲ್ಲೇ ವಾಷರ್ ಕೂರುವವರೆಗೆ ತಿರುಗಿಸಿ. ನಡುವೆ ಬಿಗಿಯಾದರೆ ಥ್ರೆಡ್ ಅಡ್ಡ ಹತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಹಿಡಿಯಿರಿ. ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿಲಿಮೀಟರ್ ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್ ಟಾರ್ಕ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಹೊಸ ವಾಷರಿಗೆ ಬೆರಳ ಬಿಗಿಯಿಂದ ಮುಂದೆ ಅರ್ಧ ಸುತ್ತು, ಬಳಸಿದ ವಾಷರಿಗೆ ಹನ್ನೆರಡನೆಯ ಒಂದು ಸುತ್ತು. ಥ್ರೆಡ್ಡಿಗೆ ಗ್ರೀಸ್ ಹಚ್ಚಬೇಡಿ, ಅದೇ ಟಾರ್ಕಿಗೆ ಪ್ಲಗ್ ಮಿತಿಮೀರಿ ಬಿಗಿಯುತ್ತದೆ. ಸಡಿಲ ಬಿಟ್ಟರೂ ಅಪಾಯವೇ. ಶಾಖ ಹೆಡ್ಡಿಗೆ ದಾಟುವುದು ಥ್ರೆಡ್ ಮತ್ತು ವಾಷರ್ ಮೂಲಕ, ಹಾಗಾಗಿ ಸಡಿಲವಾದ ಒಂಬತ್ತು ಬಿಗಿಯಾದ ಏಳಕ್ಕಿಂತ ಹೆಚ್ಚು ಕಾಯಬಹುದು.

ಪ್ಲಗ್ಗಿನ ಬಣ್ಣ ಓದಲು, ಓಟ ಮುಗಿದ ಗೆರೆಯಲ್ಲೇ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಗಾಡಿ ತಳ್ಳಿಕೊಂಡು ಬಂದು ಪ್ಲಗ್ ಬಿಚ್ಚಿ. ಐಡ್ಲಿಂಗಿನಲ್ಲಿ ಬಂದರೆ ಗುರುತೆಲ್ಲ ಅಳಿಸಿಹೋಗುತ್ತದೆ. ಇದನ್ನು ಟ್ರ್ಯಾಕಿನಲ್ಲಿ ಮಾಡಿ, ಬೈಪಾಸ್ ರಸ್ತೆಯಲ್ಲಿ ಖಂಡಿತ ಬೇಡ. ಹೊರಪಟ್ಟಿಯ ಮೇಲೆ ಬಣ್ಣ ಬದಲಾಗುವ ಒಂದು ಗೆರೆ ಕಾಣುತ್ತದೆ. ಅದು ಪಟ್ಟಿ ಬಾಗಿದ ಜಾಗದಲ್ಲಿದ್ದರೆ ಶಾಖ ಸರಿ. ತುದಿಯಲ್ಲೇ ನಿಂತಿದ್ದರೆ ಪ್ಲಗ್ ತೀರಾ ಕೋಲ್ಡ್, ಬುಡಕ್ಕಿಳಿದಿದ್ದರೆ ತೀರಾ ಹಾಟ್.

ನಮ್ಮೂರಿನವರು ಮರೆಯುವುದು ಎತ್ತರವನ್ನು. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಚಿಕ್ಕಮಗಳೂರು ಸಾವಿರ ದಾಟಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಇಲ್ಲಿ ಸರಿಹೊಂದಿಸಿದ ಕಾರ್ಬುರೇಟರ್ ಚೆನ್ನೈ ಬಳಿಯ ಟ್ರ್ಯಾಕಿಗೆ ಇಳಿದರೆ ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ. ಸಿಲಿಂಡರಿನ ಒತ್ತಡವೂ ಏರುತ್ತದೆ. ದೊಡ್ಡ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ತೂತು) ಹಾಕಿ, ಒಂದು ನಂಬರ್ ಕೋಲ್ಡ್ ಪ್ಲಗ್ಗಿನಿಂದ ಶುರು ಮಾಡಿ. ಮೊದಲ ಓಟದ ನಂತರ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಕಾಳುಮೆಣಸಿನ ಪುಡಿ ಚಿಮುಕಿಸಿದಂತೆ ಕಪ್ಪು ಚುಕ್ಕೆ, ಅಥವಾ ಹೊಳೆಯುವ ಸಣ್ಣ ಗುಂಡುಗಳು ಕಂಡರೆ ನಾಕಿಂಗ್ ಆಗುತ್ತಿದೆ. ಆ ಹೊಳಪು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ಟೈಮಿಂಗ್ ಎರಡು ಡಿಗ್ರಿ ಹಿಂದಕ್ಕೆ ತಂದು, ಹೊಸ ಪ್ಲಗ್ ಹಾಕಿ ಮತ್ತೆ ಪರೀಕ್ಷಿಸುವವರೆಗೆ ಮುಂದಿನ ಓಟಕ್ಕೆ ಗಾಡಿ ಇಳಿಸಬೇಡಿ.

ನಮಸ್ಕಾರ.