ಪ್ರೊಹಾಸ್ಕಾ: ಮೈದಾನದ ನಡುವೆ, ಮೈದಾನದ ಹೊರಗೆ

ಮಾನ್ಯ ಸಭಿಕರೇ,

ಆಸ್ಟ್ರಿಯಾದ ಫುಟ್‌ಬಾಲ್ ಆಟಗಾರ ಹೆರ್ಬರ್ಟ್ ಪ್ರೊಹಾಸ್ಕಾ ಅವರ ಆಟ ಮತ್ತು ತರಬೇತಿ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಉದ್ದೇಶದಿಂದ ಇಂದು ನಿಮ್ಮ ಮುಂದೆ ನಿಂತಿದ್ದೇನೆ. ಮಿಡ್‌ಫೀಲ್ಡರ್ ಆಗಿ ಅವರಿಗೆ ಹೆಸರು ತಂದ ತಾಳ್ಮೆಯೇ ರಾಷ್ಟ್ರೀಯ ತಂಡದ ಕೋಚ್ ಆದಾಗ ಅತಿ ಎಚ್ಚರಿಕೆಯಾಗಿ ಮಾರ್ಪಟ್ಟಿತು ಎಂಬುದು ನನ್ನ ಅಭಿಪ್ರಾಯ.

1955ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಪ್ರೊಹಾಸ್ಕಾ 1972ರಲ್ಲಿ ಆಸ್ಟ್ರಿಯಾ ವೀನ್ ಕ್ಲಬ್ ಸೇರಿದರು. ಗುಂಗುರು ಕೂದಲಿನ ಕಾರಣಕ್ಕೆ ಜನ ಅವರನ್ನು 'ಷ್ನೆಕರ್ಲ್' ಎಂದು ಕರೆದರು. ಆ ಹೆಸರು ಇಂದಿಗೂ ಉಳಿದಿದೆ. ಅವರು ಓಟದಿಂದ ಎದುರಾಳಿಯನ್ನು ಹಿಂದಿಕ್ಕುವ ಆಟಗಾರರಲ್ಲ. ಚೆಂಡನ್ನು ಕಾಲಿನಲ್ಲಿ ಹಿಡಿದಿಟ್ಟು, ಜೊತೆಗಾರ ಸರಿಯಾದ ಜಾಗಕ್ಕೆ ಬರುವವರೆಗೂ ಕಾಯುವುದು, ಆಟ ಬಿರುಸಾದಾಗ ಅದನ್ನು ತಣ್ಣಗಾಗಿಸುವುದು ಅವರ ಕಲೆಯಾಗಿತ್ತು. 1978ರಲ್ಲಿ ಈ ಕ್ಲಬ್ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ತಲುಪಿ, ಪ್ಯಾರಿಸ್‌ನಲ್ಲಿ ಆಂಡರ್ಲೆಕ್ಟ್ ಎದುರು 4-0ರಿಂದ ಸೋತಿತು.

ಅದಕ್ಕೂ ಮೊದಲು, 1977ರ ಅಕ್ಟೋಬರ್ 30ರಂದು, ಇಜ್ಮಿರ್‌ನಲ್ಲಿ ಟರ್ಕಿ ವಿರುದ್ಧ ಪಂದ್ಯದ ಏಕೈಕ ಗೋಲು ಅವರಿಂದ ಬಂತು. ಸೊಗಸಿನ ಹೊಡೆತವೇನೂ ಅಲ್ಲ, ಬೂಟಿನ ತುದಿಯಿಂದ ಚುಚ್ಚಿದ್ದು. ಇಷ್ಟು ನಯವಾಗಿ ಆಡುತ್ತಿದ್ದವರ ಅತ್ಯಂತ ಪ್ರಸಿದ್ಧ ಗೋಲು ಇಷ್ಟು ಒರಟಾಗಿದ್ದದ್ದು ನನಗೆ ಈಗಲೂ ಮೋಜಿನ ಸಂಗತಿ. ಆ ಒಂದು ಗೋಲಿನಿಂದ ಆಸ್ಟ್ರಿಯಾ 1958ರ ನಂತರ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಮುಂದಿನ ವರ್ಷದ ವಿಶ್ವಕಪ್‌ನಲ್ಲಿ, ಅರ್ಜೆಂಟೀನಾದ ಕಾರ್ಡೊಬಾದಲ್ಲಿ, ಪಶ್ಚಿಮ ಜರ್ಮನಿಯನ್ನು 3-2ರಿಂದ ಮಣಿಸಿದ ತಂಡದಲ್ಲೂ ಅವರಿದ್ದರು. 1982ರ ವಿಶ್ವಕಪ್‌ನಲ್ಲಿ, ಸ್ಪೇನ್‌ನ ಹಿಹೋನ್‌ನಲ್ಲಿ, ಅದೇ ಜರ್ಮನಿಗೆ 1-0ರಿಂದ ಸೋತರೂ, ಆ ಫಲಿತಾಂಶ ಇಬ್ಬರಿಗೂ ಸಾಕೆಂದು ಗೋಲಿನ ಬಳಿಕ ಸುಮ್ಮನೆ ಚೆಂಡು ತಳ್ಳುತ್ತ ಕಾಲ ಕಳೆದ ಎರಡೂ ತಂಡಗಳು ಮುಂದಿನ ಸುತ್ತಿಗೆ ಹೋಗಿ ಅಲ್ಜೀರಿಯಾ ಹೊರಬಿದ್ದ ಆ ನಾಚಿಕೆಗೇಡಿನ ಪಂದ್ಯದಲ್ಲೂ ಅವರು ಆಡಿದ್ದರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

1966ರ ವಿಶ್ವಕಪ್ ಸೋಲಿನ ನಂತರ ವಿದೇಶಿ ಆಟಗಾರರಿಗೆ ಬಾಗಿಲು ಮುಚ್ಚಿದ್ದ ಇಟಲಿ 1980ರಲ್ಲಿ ಅದನ್ನು ತೆರೆಯಿತು, ಆದರೆ ಕ್ಲಬ್ಬಿಗೆ ಒಬ್ಬರಂತೆ ಮಾತ್ರ. ಇಂಟರ್ ಮಿಲಾನ್ ಆ ಒಂದು ಸ್ಥಾನವನ್ನು ಪ್ರೊಹಾಸ್ಕಾ ಅವರಿಗೆ ಕೊಟ್ಟಿತೆಂದರೆ ಅವರ ಮಟ್ಟ ಊಹಿಸಬಹುದು. 1982ರಲ್ಲಿ ರೋಮಾ ಸೇರಿ, ಕೋಚ್ ಲೀಡ್‌ಹೋಮ್ ಅವರ ಗರಡಿಯಲ್ಲಿ, ಬ್ರೆಜಿಲಿನ ಫಲ್ಕಾವೊ ಜೊತೆ ಆಡಿ, ಆ ಕ್ಲಬ್ 1942ರ ನಂತರ ಕಾಣದಿದ್ದ ಲೀಗ್ ಪ್ರಶಸ್ತಿಯನ್ನು ಗೆಲ್ಲುವುದರಲ್ಲಿ ಪಾಲುದಾರರಾದರು. ಆದರೂ ಮರುವರ್ಷ ಅವರಿಗೆ ಅಲ್ಲಿ ಜಾಗವಿರಲಿಲ್ಲ. ಇಬ್ಬರೇ ವಿದೇಶಿಯರಿಗೆ ಅವಕಾಶವಿದ್ದಾಗ ರೋಮಾ ಫಲ್ಕಾವೊ ಅವರನ್ನು ಉಳಿಸಿಕೊಂಡು ಸೆರೆಜೊ ಅವರನ್ನು ತಂದಿತು. ಪ್ರೊಹಾಸ್ಕಾ ವಿಯೆನ್ನಾಕ್ಕೆ ಮರಳಿ 1984, 1985, 1986ರಲ್ಲಿ ಸತತ ಲೀಗ್ ಗೆದ್ದರು.

ತರಬೇತುದಾರರಾಗಿ ಆರಂಭವೂ ಸೊಗಸಾಗಿತ್ತು. ತಮ್ಮದೇ ಆಸ್ಟ್ರಿಯಾ ವೀನ್‌ಗೆ 1991 ಮತ್ತು 1992ರ ಲೀಗ್ ಪ್ರಶಸ್ತಿ ತಂದುಕೊಟ್ಟರು. ರಾಷ್ಟ್ರೀಯ ತಂಡದ ಕೋಚ್ ಆಗಿದ್ದ ಎರ್ನ್‌ಸ್ಟ್ ಹಾಪೆಲ್ 1992ರ ನವೆಂಬರ್‌ನಲ್ಲಿ ತೀರಿಕೊಂಡ ಬಳಿಕ, 1993ರಲ್ಲಿ ಆ ಹೊಣೆ ಪ್ರೊಹಾಸ್ಕಾ ಅವರ ಹೆಗಲಿಗೆ ಬಂತು. 1996ರ ಯೂರೋ, ಅಂದರೆ ಯುರೋಪಿನ ರಾಷ್ಟ್ರೀಯ ತಂಡಗಳ ಚಾಂಪಿಯನ್‌ಶಿಪ್, ಕೈತಪ್ಪಿತು. ಲಾಟ್ವಿಯಾದಂಥ ತಂಡಕ್ಕೂ 3-2ರಿಂದ ಸೋತಿದ್ದರು. ಆದರೆ 1998ರ ವಿಶ್ವಕಪ್ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಎಂಟನ್ನು ಗೆದ್ದು, ಸ್ಕಾಟ್ಲೆಂಡ್ ಮತ್ತು ಸ್ವೀಡನ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ ಪಡೆದರು. ಸ್ವೀಡನ್ ಮೇಲಿನ ಎರಡೂ ಗೆಲುವು 1-0. ಎರಡೂ ಗೋಲು ಆಂಡ್ರಿಯಾಸ್ ಹೆರ್ಜೋಗ್ ಅವರವು. ಎಚ್ಚರಿಕೆಯ ಆಟಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣಪತ್ರ ಬೇಕಿಲ್ಲ.

ಫ್ರಾನ್ಸ್‌ನಲ್ಲಿ ನಡೆದ ಆ ವಿಶ್ವಕಪ್‌ನಲ್ಲಿ ಅದೇ ಎಚ್ಚರಿಕೆ ಮುಳುವಾಯಿತು. ಕ್ಯಾಮರೂನ್ ವಿರುದ್ಧ 1-1, ಚಿಲಿ ವಿರುದ್ಧ 1-1, ಇಟಲಿ ವಿರುದ್ಧ 1-2. ಪೋಲ್‌ಸ್ಟರ್, ವಾಸ್ಟಿಚ್, ಹೆರ್ಜೋಗ್ ಹೊಡೆದ ಮೂರೂ ಗೋಲು ಹೆಚ್ಚುವರಿ ನಿಮಿಷಗಳಲ್ಲಿ ಬಂದವು. ಛಲ ಬಿಡದ ತಂಡವೆಂದು ಅನೇಕರು ಹೊಗಳಿದರು. ನನಗೆ ಹಾಗೆ ಕಾಣುವುದಿಲ್ಲ. ಕಳೆದುಕೊಳ್ಳಲು ಏನೂ ಉಳಿಯದ ಕೊನೆಯ ಗಳಿಗೆಯಲ್ಲಿ ಹೀಗೆ ಮುನ್ನುಗ್ಗಬಲ್ಲ ತಂಡಕ್ಕೆ ಅದಕ್ಕೂ ಮೊದಲೇ ಮುನ್ನುಗ್ಗಲು ಯಾರೂ ಹೇಳಲಿಲ್ಲವೇಕೆ ಎಂಬ ಪ್ರಶ್ನೆ ಆ ಮೂರು ಪಂದ್ಯಗಳನ್ನು ನೋಡಿದವರಿಗೆ ಏಳಲೇಬೇಕು. ಮೈದಾನದೊಳಗಿದ್ದಾಗ ಪ್ರೊಹಾಸ್ಕಾ ಯಾವಾಗ ಕಾಯಬೇಕು, ಯಾವಾಗ ಚೆಂಡು ಬಿಡಬೇಕು ಎಂಬುದನ್ನು ತಾವೇ ತೀರ್ಮಾನಿಸುತ್ತಿದ್ದರು; ಬೆಂಚಿನಿಂದ ಆ ಕ್ಷಣವನ್ನು ಇನ್ನೊಬ್ಬರ ಕಾಲಿಗೆ ದಾಟಿಸುವುದು ಅವರಿಂದ ಆಗಲಿಲ್ಲ.

1999ರ ಮಾರ್ಚ್ 27ರಂದು ವೆಲೆನ್ಸಿಯಾದಲ್ಲಿ ನಡೆದ ಯೂರೋ ಅರ್ಹತಾ ಪಂದ್ಯದಲ್ಲಿ ಸ್ಪೇನ್ 9-0ರಿಂದ ಗೆದ್ದಿತು; ರಾವುಲ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಅರ್ಧ ವೇಳೆಗೆ 5-0 ಆಗಿದ್ದಾಗ ರಕ್ಷಣಾ ಆಟಗಾರ ಆಂಟೊನ್ ಪ್ಫೆಫರ್, ಇನ್ನು ಭಾರಿ ಅಂತರದಿಂದ ಗೆಲ್ಲುವುದು ತಮ್ಮಿಂದಾಗದು ಎಂದು ಟಿವಿಗೆ ಹೇಳಿದ್ದು ಆಸ್ಟ್ರಿಯಾದಲ್ಲಿ ಗಾದೆಯಂತಾಗಿದೆ. ಪ್ರೊಹಾಸ್ಕಾ ರಾಜೀನಾಮೆ ಕೊಟ್ಟರು, ಒಟ್ಟೊ ಬಾರಿಚ್ ಬಂದರು. ಆದರೆ ಒಂದು ರಾತ್ರಿಯ ಸೋಲಿನಿಂದ ಆರು ವರ್ಷದ ಕೆಲಸವನ್ನು ಅಳೆಯುವುದು ನ್ಯಾಯವಲ್ಲ: 2002ರಿಂದ 2022ರವರೆಗಿನ ಆರು ವಿಶ್ವಕಪ್‌ಗಳಲ್ಲಿ ಒಂದಕ್ಕೂ ಆಸ್ಟ್ರಿಯಾವನ್ನು ಅವರ ನಂತರ ಬಂದ ಯಾವ ಕೋಚ್ ಕೂಡ ಕೊಂಡೊಯ್ಯಲಿಲ್ಲ, ಮತ್ತು ಆ ವೈಫಲ್ಯಗಳನ್ನು ರಾಷ್ಟ್ರೀಯ ವಾಹಿನಿ ಓಆರ್‌ಎಫ್‌ನಲ್ಲಿ ವಿಶ್ಲೇಷಕರಾಗಿ ವೀಕ್ಷಕರಿಗೆ ಬಿಡಿಸಿ ಹೇಳುತ್ತಿದ್ದವರು ಪ್ರೊಹಾಸ್ಕಾ ಅವರೇ.