ತೊಟ್ಟಿಲಿನಿಂದ ಬಚ್ಚಲಿನವರೆಗೆ

ಎಲ್ಲರಿಗೂ ನಮಸ್ಕಾರ. ವಾಚನಾಲಯದ ಹುಡುಗಿಯರು ಅಂಗಡಿಗೆ ಬಂದು, ಬೇಬಿ ಮಾನಿಟರ್, ಅಂದರೆ ತೊಟ್ಟಿಲಿನ ಮಗುವಿನ ಅಳುವನ್ನು ದೂರ ಇರುವವರಿಗೆ ಕೇಳಿಸುವ ಸೆಟ್ಟಿನ ಬಗ್ಗೆ ಮಾತಾಡಬೇಕು ಎಂದಾಗ ನಾನು ಆಗುವುದಿಲ್ಲ ಎಂದೇ ಹೇಳಿದ್ದೆ. ಕಾಸರಗೋಡು ಜಿಲ್ಲೆಯ ಈ ಬದಿಯಡ್ಕದಲ್ಲಿ ಮೂವತ್ತು ವರ್ಷದಿಂದ ರೇಡಿಯೋ, ಟೀವಿ ರಿಪೇರಿ ಮಾಡಿಕೊಂಡಿರುವವನಿಗೆ ಬಾಣಂತನದ ವಿಷಯ ಏನು ಗೊತ್ತು? ಆದರೆ ಈಗ ಅಂಗಡಿಗೆ ರೇಡಿಯೋ ಬರುವುದೇ ಅಪರೂಪ. ಬರುವುದು ಮಾನಿಟರ್. ದುಬೈಯಿಂದ ತಂದದ್ದು, ಆನ್‌ಲೈನಲ್ಲಿ ತರಿಸಿದ್ದು, ಮಂಗಳೂರಿನಿಂದ ತಂದದ್ದು. ಹೆಚ್ಚಿನವು ಹಾಳಾಗಿರುವುದೇ ಇಲ್ಲ. ಸೆಟ್ಟು ಸರಿ ಉಂಟು, ಆ ಮನೆಗೆ ಹೊಂದುವುದಿಲ್ಲ, ಅಷ್ಟೇ.

ನನ್ನ ಮನೆಯ ಕತೆಯಿಂದಲೇ ಸುರು ಮಾಡುತ್ತೇನೆ. ತಪ್ಪು ನನ್ನದೇ, ಹಾಗಾಗಿ ಹೇಳಲು ಸಂಕೋಚ ಇಲ್ಲ.

ಎರಡು ವರ್ಷದ ಹಿಂದೆ ಮಗಳು ಬಾಣಂತನಕ್ಕೆ ಬಂದಿದ್ದಳು. ಆಟಿ ತಿಂಗಳು, ಜೋರು ಮಳೆಗಾಲ. ನಮ್ಮದು ಹಳೇ ಮನೆ, ಮುರಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳಕ್ಕೆ ಮೇಲಿನಿಂದ ತಗಡಿನ ಶೀಟು. ಬಾಣಂತಿಯ ಕೋಣೆ ಒಂದು ತುದಿ. ಬಚ್ಚಲು ಇನ್ನೊಂದು ತುದಿ, ಅದೂ ಹೊರಗೆ. ನಮ್ಮಲ್ಲಿ ಬಾಣಂತಿಯ ಸ್ನಾನ ಅಂದರೆ ಹತ್ತು ನಿಮಿಷದ ಕೆಲಸ ಅಲ್ಲ ಅಲ್ವಾ? ಎಣ್ಣೆ, ಹಂಡೆಗಟ್ಟಲೆ ಬಿಸಿನೀರು, ಒಂದು ಗಂಟೆ. ಹೆಂಡತಿ ಅಲ್ಲಿ ನೀರು ಹೊಯ್ಯುತ್ತಿದ್ದಳು. ನಾನು ಹಟ್ಟಿಯಲ್ಲಿ. ಶೀಟಿನ ಮೇಲೆ ಮಳೆ ಸುರಿಯುವಾಗ ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳುವುದಿಲ್ಲ. ಮಗು ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಆಳು ಎದ್ದು ಬಂದು ಹೇಳಿದ.

ಮರುದಿನವೇ ಕ್ಯಾಮೆರಾ ಇರುವ ಸೆಟ್ಟು ತರಿಸಿದೆ. ಬಾಕ್ಸಿನ ಮೇಲೆ 900 ಅಡಿ ದೂರ ಎಂದು ಬರೆದಿತ್ತು. ನಮ್ಮ ಮನೆಯ ಉದ್ದ 80 ಅಡಿ. ಸಾಕಷ್ಟಾಯಿತು ಎಂದುಕೊಂಡೆ. ಮೊದಲ ದಿನದಿಂದಲೇ ಅದು ಬಚ್ಚಲಿಗೆ ತಲುಪುವಾಗ ಪೀಂ ಪೀಂ ಎನ್ನುತ್ತಿತ್ತು. ಸಿಗ್ನಲ್ ತಪ್ಪಿದೆ ಎಂಬ ಅಲಾರಂ ಅದು. ಕಿರಿಕಿರಿ ಎಂದು ನಾನೇ ಅದರ ವಾಲ್ಯೂಮ್ ಸೊನ್ನೆಗೆ ಇಳಿಸಿದೆ. ನಾಲ್ಕನೇ ದಿನ ಕರೆಂಟು ಹೋಯಿತು. ಮಗುವಿನ ಪಕ್ಕದ ಕ್ಯಾಮೆರಾಕ್ಕೆ ಬ್ಯಾಟರಿ ಇಲ್ಲ, ಅದು ಆಫ್. ನಮ್ಮ ಕೈಯ ಸೆಟ್ಟಿಗೆ ಬ್ಯಾಟರಿ ಉಂಟು, ಅದು ಹಸಿರು ಲೈಟು ಉರಿಸಿಕೊಂಡು ಸುಮ್ನೆ ಕೂತಿತ್ತು. ನಾವು ಮಗು ಒಳ್ಳೇ ನಿದ್ದೆಯಲ್ಲಿ ಉಂಟು ಎಂದುಕೊಂಡೆವು. ಹೋಗಿ ನೋಡಿದರೆ ಅತ್ತು ಅತ್ತು ಗಂಟಲು ಕಟ್ಟಿತ್ತು.

ಮಾನಿಟರ್ ಇಲ್ಲದಿದ್ದರೆ ಹೆಂಡತಿ ನಡುವೆ ಎರಡು ಸಲ ಹೋಗಿ ನೋಡಿ ಬರುತ್ತಿದ್ದಳು. ಸೆಟ್ಟು ಉಂಟಲ್ಲ ಎಂಬ ಧೈರ್ಯದಲ್ಲಿ ಹೋಗಲಿಲ್ಲ. ಹಾಗಾಗಿ ಯಾರೇ ಅಂಗಡಿಗೆ ಬಂದು ಯಾವುದು ಒಳ್ಳೆಯದು ಎಂದು ಕೇಳಿದರೂ ನಾನು ಮೊದಲು ಕೇಳುವುದು ಕಂಪನಿಯ ಹೆಸರನ್ನಲ್ಲ. ತೊಟ್ಟಿಲು ಎಲ್ಲಿ, ಬಚ್ಚಲು ಎಲ್ಲಿ, ನಡುವೆ ಎಷ್ಟು ಗೋಡೆ, ಕರೆಂಟು ಹೋದರೆ ಏನು ಮಾಡುತ್ತೀರಿ?

ಈ ವಸ್ತು ಹುಟ್ಟಿದ್ದೇ ಹೆದರಿಕೆಯಿಂದ. 1932ರಲ್ಲಿ ಅಮೆರಿಕದಲ್ಲಿ ವಿಮಾನ ಹಾರಾಟಕ್ಕೆ ಹೆಸರಾದ ಲಿಂಡ್‌ಬರ್ಗ್ ಅವರ 20 ತಿಂಗಳ ಮಗುವನ್ನು ಮನೆಯಿಂದಲೇ ಕದ್ದೊಯ್ದರು. ಆ ಸುದ್ದಿ ಕೇಳಿ ಕಂಗಾಲಾದವರಲ್ಲಿ ಜೆನಿತ್ ರೇಡಿಯೋ ಕಂಪನಿಯ ಯಜಮಾನರೂ ಒಬ್ಬರು. 1937ರಲ್ಲಿ ಅವರ ಕಂಪನಿ 'ರೇಡಿಯೋ ನರ್ಸ್' ಎಂಬ ಸೆಟ್ಟು ಮಾಡಿಸಿತು. ಅದರ ರೂಪ ಕೊಟ್ಟವರು ಇಸಾಮು ನೊಗುಚಿ ಎಂಬ ದೊಡ್ಡ ಶಿಲ್ಪಿ. ಕಪ್ಪು ಬೇಕಲೈಟಿನ ಡಬ್ಬಿ, ನೋಡಲು ಮುಖವಾಡದ ಹಾಗೆ. ಅದರ ಧ್ವನಿ ಹೋಗುತ್ತಿದ್ದುದು ಮನೆಯ ಕರೆಂಟಿನ ವೈರಿನಲ್ಲೇ. ನಡುನಡುವೆ ಬೇರೆ ರೇಡಿಯೋ ಸ್ಟೇಷನ್ನಿನ ಸದ್ದೂ ನುಗ್ಗುತ್ತಿತ್ತಂತೆ. ನನ್ನಂಥ ರಿಪೇರಿಯವನಿಗೆ ಇಂಥ ಕತೆ ಸಕ್ಕರೆ, ನಿಮಗೆ ಬೋರಾಗಬಹುದು. ಮುಂದೆ ಹೋಗೋಣ.

ಈಗ ಮಾರುಕಟ್ಟೆಯಲ್ಲಿ ಸಿಗುವುದು ಮೂರು ತರ. ಬರೀ ಧ್ವನಿಯದ್ದು. ಕ್ಯಾಮೆರಾದ ಜೊತೆ ಅದರದ್ದೇ ಪರದೆ ಇರುವುದು. ವೈಫೈಯಲ್ಲಿ ಫೋನಿಗೆ ಬರುವುದು. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ: ನಮ್ಮ ಕಡೆಯ ಹತ್ತರಲ್ಲಿ ಏಳು ಮನೆಗೆ ಧ್ವನಿಯದ್ದು ಸಾಕು. ಅಳುವುದು ಕೇಳಿದರೆ ನಾವು ಓಡಿಹೋಗುತ್ತೇವೆ, ಪರದೆಯಲ್ಲಿ ನೋಡಿಕೊಂಡು ಕೂರುವುದಿಲ್ಲ. ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ.

ಧ್ವನಿಯ ಸೆಟ್ಟಿನಲ್ಲಿ ಡೆಕ್ಟ್ (DECT) ಎಂದು ಬರೆದಿದ್ದರೆ ಅದು ಕಾರ್ಡ್‌ಲೆಸ್ ಫೋನಿನ ತರದ ಡಿಜಿಟಲ್, ವೈಫೈಯ ಜೊತೆ ಜಗಳ ಮಾಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಅಮೆರಿಕದಲ್ಲಿರುವ ಮಗ ಅಲ್ಲಿನ ಸೆಟ್ಟು ತಂದುಕೊಟ್ಟರೆ ಇಲ್ಲಿ ಹಾಕಬೇಡಿ. ಅಲ್ಲಿಯ ಡೆಕ್ಟ್ 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ನಮ್ಮಲ್ಲಿ ಆ ಜಾಗ ಮೊಬೈಲ್ ಕಂಪನಿಗಳದ್ದು. ಮೇಲಿಂದ ಅಡಾಪ್ಟರಿನ ಮೇಲೆ ಬರೀ 120 ವೋಲ್ಟ್ ಎಂದಿದ್ದರೆ ನಮ್ಮ 230ಕ್ಕೆ ಸಿಕ್ಕಿಸಿದ ಕೂಡಲೇ ಹೊಗೆ. ಗಲ್ಫಿನದ್ದಕ್ಕೆ ಈ ತೊಂದರೆ ಇಲ್ಲ, ಅಲ್ಲಿನ ವೋಲ್ಟೇಜ್ ನಮ್ಮ ಹಾಗೆಯೇ. ಪಿನ್ನು ಮಾತ್ರ ಚೌಕ, ಒಂದು ಗಟ್ಟಿ ಕನ್ವರ್ಟರ್ ಹಾಕಿದರೆ ಆಯಿತು.

ಕ್ಯಾಮೆರಾದ ಸೆಟ್ಟುಗಳು ಹೆಚ್ಚಿನವು 2.4 ಗಿಗಾಹರ್ಟ್ಸ್‌ನವು. ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅಲ್ಲಿಯೇ ಹತ್ತಿರ. ಆ ಅಲೆಗೆ ನೀರು ಕಂಡರೆ ಆಗುವುದಿಲ್ಲ, ನೀರು ಅದನ್ನು ನುಂಗುತ್ತದೆ. ಈಗ ನಮ್ಮ ಮುರಕಲ್ಲನ್ನು ನೆನಪು ಮಾಡಿಕೊಳ್ಳಿ. ಮೈಯೆಲ್ಲ ತೂತು. ಮಳೆಗಾಲದಲ್ಲಿ ಹೊರಗೋಡೆ ನೀರು ಕುಡಿದು ಕಪ್ಪಾಗಿರುತ್ತದೆ. ಬೇಸಗೆಯಲ್ಲಿ ಬಚ್ಚಲಿನ ತನಕ ಬಂದ ಸಿಗ್ನಲ್ ಆಟಿಯಲ್ಲಿ ಚಾವಡಿಗೇ ನಿಲ್ಲುವುದು ಯಾಕೆ ಎಂದು ನನಗೂ ಮೊದಲು ಹೊಳೆಯಲಿಲ್ಲ. ಬಾಕ್ಸಿನ ಮೇಲಿನ 900 ಅಡಿ ಎಂದರೆ ಬಯಲಿನಲ್ಲಿ, ನಡುವೆ ಏನೂ ಇಲ್ಲದಾಗಿನ ಲೆಕ್ಕ. ಕುಂಬಳೆಯ ಕಡಲ ಕರೆಯಲ್ಲಿ ತೊಟ್ಟಿಲು ಕಟ್ಟಿದರೆ ಸರಿಯಾದೀತು. ಹೊಸ ಟೆರೇಸ್ ಮನೆಯವರೂ ಜಾಸ್ತಿ ನಗಬೇಡಿ, ಸ್ಲ್ಯಾಬಿನೊಳಗಿನ ಕಬ್ಬಿಣವೂ ಅಲೆಯನ್ನು ತಡೆಯುತ್ತದೆ. ಮಗು ಮೇಲೆ, ಅಡಿಗೆಮನೆ ಕೆಳಗೆ ಇದ್ದರೆ ನೋಡಿಯೇ ತಗೊಳ್ಳಿ. ಹಿಂದೆ ಕೊಡಲು ಹತ್ತು ದಿನ ಅವಕಾಶ ಇರುವ ಕಡೆ ಮಾತ್ರ ಕೊಳ್ಳಿ. ಆ ಹತ್ತು ದಿನದಲ್ಲಿ ಒಂದು ಮಳೆ ದಿನ ಬರಲಿ ಎಂದು ಬೇಡಿಕೊಳ್ಳಿ.

ವೈಫೈ ಕ್ಯಾಮೆರಾದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಮಗುವಿನ ಅಪ್ಪ ದುಬೈಯಲ್ಲೋ ಕತಾರಿನಲ್ಲೋ ಇರುತ್ತಾನೆ. ಅವನಿಗೆ ಮಗು ನೋಡುವ ಆಸೆ. ತಪ್ಪೇನಿಲ್ಲ. ಆದರೆ ಅಂಗಡಿಗೆ ಬಂದ ಒಬ್ಬಳು ಹುಡುಗಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, "ಅಣ್ಣಾ, ಇದನ್ನು ಹಾಳು ಮಾಡಿಕೊಡಲು ಆಗುತ್ತದಾ?" ಎಂದು ಕೇಳಿದಳು. ಅವಳು ಹಾಲು ಕೊಡುವಾಗ, ಸೀರೆ ಉಡುವಾಗ, ಅತ್ತೆಯ ಜೊತೆ ಮಾತಾಡುವಾಗ ಎಲ್ಲ ಅಲ್ಲಿಂದ ಯಾರೋ ನೋಡುತ್ತಾರೆ. ಗಂಡ ಮಾತ್ರ ಅಲ್ಲ, ಅವನ ರೂಮಿನವರೂ ಪರದೆಯಲ್ಲಿ ಕಂಡಿರಬಹುದು. ನಾನು ಹಾಳು ಮಾಡಲಿಲ್ಲ. ಕ್ಯಾಮೆರಾ ತೊಟ್ಟಿಲನ್ನು ಮಾತ್ರ ನೋಡುವ ಹಾಗೆ ತಿರುಗಿಸಿ, ಸ್ವಿಚ್ಚನ್ನು ಅವಳ ಕೈಗೆ ಎಟಕುವಲ್ಲಿ ಇಟ್ಟುಕೊಟ್ಟೆ. ಅದು ಯಾವಾಗ ಆನ್ ಆಗಬೇಕು ಎಂದು ಹೇಳಬೇಕಾದವಳು ಬಾಣಂತಿ. ಗಂಡಸರು ಈ ಮಾತನ್ನು ಮನೆಯಲ್ಲಿ ಮೊದಲೇ ಆಡಿಕೊಳ್ಳಿ.

ಇನ್ನು ಹೊರಗಿನವರು. 2014ರಲ್ಲಿ ಒಂದು ವೆಬ್‌ಸೈಟು ಸಾವಿರಾರು ಮನೆಗಳ ಕ್ಯಾಮೆರಾಗಳನ್ನು ಜಗತ್ತಿಗೇ ತೋರಿಸುತ್ತಿತ್ತು, ಮಕ್ಕಳ ಕೋಣೆಯದ್ದೂ ಇತ್ತು. ಕಳ್ಳರು ದೊಡ್ಡ ಬುದ್ಧಿವಂತರೇನಲ್ಲ. ಫ್ಯಾಕ್ಟರಿಯಲ್ಲಿ ಹಾಕಿದ ಪಾಸ್‌ವರ್ಡನ್ನು ಜನ ಬದಲಿಸಿರಲಿಲ್ಲ, ಅಷ್ಟೇ. 2024ರ ಏಪ್ರಿಲ್ ಕೊನೆಯಿಂದ ಬ್ರಿಟನ್ನಿನಲ್ಲಿ ಅಂಥ ಸುಲಭದ ಪಾಸ್‌ವರ್ಡ್ ಹಾಕಿ ಮಾರುವುದನ್ನೇ ಕಾನೂನು ನಿಲ್ಲಿಸಿದೆ. ನಾವು ಕಾನೂನಿಗೆ ಕಾಯುವುದು ಬೇಡ. ಸೆಟ್ಟು ತಂದ ದಿನವೇ ಬದಲಿಸಿ. ಮಗುವಿನ ಹೆಸರನ್ನೇ ಪಾಸ್‌ವರ್ಡ್ ಮಾಡಬೇಡಿ ಮಾರಾಯ್ರೆ, ಆ ಹೆಸರು ನಾಮಕರಣದ ಕಾಗದದಲ್ಲಿ ಊರಿಗೆಲ್ಲ ಹಂಚಿಯಾಗಿದೆ.

ಡೇಟಾದ ಲೆಕ್ಕವೂ ಉಂಟು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದೆ ಫೋನಿನ ಹಾಟ್‌ಸ್ಪಾಟಿನಲ್ಲಿ ನಡೆಸುತ್ತೇನೆ ಎನ್ನುವವರಿಗೆ. ಸೆಕೆಂಡಿಗೆ 1 ಮೆಗಾಬಿಟ್ ಹಿಡಿದರೂ ಗಂಟೆಗೆ 450 ಎಂಬಿ ಹೋಗುತ್ತದೆ. ದಿನಕ್ಕೆ 1.5 ಜಿಬಿಯ ಪ್ಲಾನು ಮೂರೂವರೆ ಗಂಟೆಯೊಳಗೆ ಖಾಲಿ. ಕರೆಂಟು ಹೋದಾಗ ಕ್ಯಾಮೆರಾ ಮಾತ್ರ ಅಲ್ಲ, ರೂಟರೂ ಮಲಗುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆ ಸಣ್ಣ ಯುಪಿಎಸ್, ಕ್ಯಾಮೆರಾಕ್ಕೆ ಪವರ್ ಬ್ಯಾಂಕ್. ಸಿಡಿಲಿನ ಸಂಜೆಗಳಲ್ಲಿ ಎಲ್ಲದರ ಪಿನ್ನು ಕಿತ್ತು, ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಳ್ಳಿ. ತುಲಾ ತಿಂಗಳ ಸಿಡಿಲಿಗೆ ಸತ್ತ ಅಡಾಪ್ಟರ್‌ಗಳು ನನ್ನ ಅಂಗಡಿಯಲ್ಲಿ ಒಂದು ಗೋಣಿ ಉಂಟು.

ವೈರಿನ ವಿಷಯ ಮಾತ್ರ ದಯವಿಟ್ಟು ಮರೆಯಬೇಡಿ. 2011ರಲ್ಲಿ ಅಮೆರಿಕದಲ್ಲಿ ಸುಮಾರು 17 ಲಕ್ಷ ಮಾನಿಟರ್‌ಗಳ ಬಗ್ಗೆ ಸರಕಾರವೇ ಎಚ್ಚರಿಕೆ ಕೊಟ್ಟಿತು. ವೈರು ಕುತ್ತಿಗೆಗೆ ಸುತ್ತಿ ಎರಡು ಮಕ್ಕಳು ತೀರಿಕೊಂಡಿದ್ದವು. ಅಲ್ಲಿನವರು ಹೇಳುವ ಲೆಕ್ಕ, ಮಗುವಿನ ಮಂಚದಿಂದ ವೈರು ಕನಿಷ್ಠ 3 ಅಡಿ ದೂರ ಇರಬೇಕು. ಆದರೆ ಅವರ ಮಂಚ ಅಲ್ಲಾಡುವುದಿಲ್ಲ, ನಮ್ಮ ತೊಟ್ಟಿಲು ತೂಗುತ್ತದೆ. ಸೀರೆಯ ತೊಟ್ಟಿಲಂತೂ ಎರಡು ಕಡೆಗೂ ದೂರ ಹೋಗುತ್ತದೆ. ಹಾಗಾಗಿ ತೂಗಿ ನೋಡಿ, ಅದು ಎಲ್ಲಿಯ ತನಕ ಬರುತ್ತದೋ ಅಲ್ಲಿಂದ 3 ಅಡಿ ಅಳೆಯಿರಿ. ಜಂತಿಯಿಂದ ವೈರು ಇಳಿಬಿಡುವುದು ಬೇಡವೇ ಬೇಡ.

ಸೊಳ್ಳೆ ಪರದೆ ಹಾಕುವವರಿಗೆ ಒಂದು ಸಣ್ಣ ವಿಷಯ. ರಾತ್ರಿ ಕ್ಯಾಮೆರಾ ನೋಡುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ. ಪರದೆ ಕ್ಯಾಮೆರಾಕ್ಕೆ ಹತ್ತಿರ ಇದ್ದರೆ ಆ ಬೆಳಕು ಅದಕ್ಕೇ ಬಡಿದು ವಾಪಸು ಬರುತ್ತದೆ. ಮಗುವಿನ ಬದಲು ಬೆಳ್ಳಗಿನ ಮಂಜು ಕಾಣುತ್ತದೆ. ಎಷ್ಟೋ ಜನ ಕ್ಯಾಮೆರಾ ಕೆಟ್ಟಿತು ಎಂದು ನನ್ನ ಹತ್ತಿರ ತಂದಿದ್ದಾರೆ. ಕ್ಯಾಮೆರಾವನ್ನು ಬದಿಗೆ ಸರಿಸಿ, ಪರದೆಯಿಂದ ಸ್ವಲ್ಪ ದೂರ ಇಟ್ಟರೆ ಆಯಿತು. ರಿಪೇರಿಗೆ ನಾನು ದುಡ್ಡು ತಗೊಳ್ಳಲಿಲ್ಲ, ಬರೆದಿಟ್ಟುಕೊಳ್ಳಿ.

ಹೃದಯಬಡಿತ, ಆಮ್ಲಜನಕ ಅಳೆಯುವ ಸಾಕ್ಸು ಬಂದಿದೆ, ತರಿಸಲಾ ಎಂದು ಬಹಳ ಜನ ಕೇಳುತ್ತಾರೆ. 2021ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸರಕಾರಿ ಸಂಸ್ಥೆ ಎಫ್‌ಡಿಎ ಅಂಥ ಸಾಕ್ಸು ಮಾಡುವ ಒಂದು ಕಂಪನಿಗೆ, ಅನುಮತಿ ಇಲ್ಲದೆ ವೈದ್ಯಕೀಯ ಸಾಧನ ಮಾರುತ್ತಿದ್ದೀರಿ ಎಂದು ಎಚ್ಚರಿಕೆ ಪತ್ರ ಕೊಟ್ಟಿತ್ತು. 2023ರಲ್ಲಿ ಅದೇ ಕಂಪನಿಯ ಹೊಸ ಸಾಕ್ಸಿಗೆ ಅನುಮತಿ ಸಿಕ್ಕಿತು. ಹಾಗೆಂದು ನಿದ್ದೆಯಲ್ಲಿ ಬರುವ ಹಠಾತ್ ಸಾವನ್ನು ಇಂಥವು ತಪ್ಪಿಸುತ್ತವೆ ಎಂದು ಅಲ್ಲಿನ ಮಕ್ಕಳ ವೈದ್ಯರ ಸಂಘ ಒಪ್ಪುವುದಿಲ್ಲ. ಅವರು 1992ರಿಂದ ಹೇಳುತ್ತಿರುವುದು ಮಗುವನ್ನು ಕವುಚಿ ಮಲಗಿಸಬೇಡಿ ಎಂದು. ಈಗ ಹೇಳುವುದು ಅಂಗಾತ ಮಲಗಿಸಿ, ಗಟ್ಟಿ ಹಾಸಿಗೆ ಇರಲಿ, ದಿಂಬು, ದಪ್ಪ ಹೊದಿಕೆ ಬೇಡ ಎಂದು. ಅದಕ್ಕೆ ಬ್ಯಾಟರಿ ಬೇಡ. ಅವಧಿಗೆ ಮೊದಲು ಹುಟ್ಟಿದ ಮಗು, ಹೃದಯದ ತೊಂದರೆ ಇರುವ ಮಗು ಎಂದಾದರೆ ನನ್ನಂಥವನ ಮಾತು ಕೇಳಬೇಡಿ. ಡಾಕ್ಟರು ಹೇಳಿದ್ದು ಮಾಡಿ.

ಹಳೇ ಫೋನು ಸಾಲದಾ ಎಂದು ಅಲ್ಲಿ ಹಿಂದೆ ಯಾರೋ ಕೇಳುತ್ತಿದ್ದಾರೆ. ಎರಡು ಫೋನಿನ ನಡುವೆ ಕಾಲ್ ಮಾಡಿ ಇಟ್ಟರೆ ಅರ್ಧ ಗಂಟೆಗೆ ಸಾಕು. ಆದರೆ ಕಾಲ್ ಕಟ್ಟಾದರೆ ಅದೂ ನನ್ನ ಸೆಟ್ಟಿನ ಹಾಗೆ ಸುಮ್ನೆ ಕೂರುತ್ತದೆ. ಬ್ಯಾಟರಿ ಉಬ್ಬಿದ ಫೋನನ್ನಂತೂ ಚಾರ್ಜಿಗೆ ಹಾಕಿ ತೊಟ್ಟಿಲ ಪಕ್ಕ ಇಡಬೇಡಿ.

ಮಾತು ಸಾಕು. ನನ್ನ ಹತ್ತಿರ ಇಲ್ಲಿ ಎರಡು ಸೆಟ್ಟು ಉಂಟು. ಒಂದನ್ನು ಈ ಟ್ರಾನ್ಸಿಸ್ಟರಿನ ಪಕ್ಕ ಇಡುತ್ತೇನೆ, ಮಂಗಳೂರು ಆಕಾಶವಾಣಿ ಹಾಡುತ್ತಿರಲಿ. ಇನ್ನೊಂದನ್ನು ಹಿಡಿದುಕೊಂಡು ಯಾರಾದರೂ ಹಿಂದಿನ ಬಾಗಿಲಿನಿಂದ ಬಾವಿಕಟ್ಟೆಯ ತನಕ ನಡೆಯಿರಿ. ಹಾಡು ಎಲ್ಲಿ ನಿಂತಿತು, ಅಲ್ಲಿ ಒಂದು ಕಲ್ಲಿಡಿ. ಆಮೇಲೆ ನಾನು ಇಲ್ಲಿ ಪಿನ್ನು ಕೀಳುತ್ತೇನೆ. ಅಲಾರಂ ಬರಲು ಎಷ್ಟು ಸೆಕೆಂಡ್ ಬೇಕು ಎಂದು ಎಣಿಸಿ. ಕೊಡೆ ತಗೊಂಡು ಹೋಗಿ, ಹೊರಗೆ ಮಳೆ ಸುರುವಾಗಿದೆ.